ಸಾಮೂಹಿಕ ಪಾನವಿಧಿಯೂ ವ್ಯಕ್ತಿಯ ನಿರ್ಧಾರವೂ

ಧಾರ್ಮಿಕ ಸಮೂಹಗಳಲ್ಲಿ ಎರಡು ಬಗೆಗಳನ್ನು ನಾವು ಗುರುತಿಸಬಹುದು. ಮೊದಲನೆಯದರಲ್ಲಿ ಜನರು ಒಂದೆಡೆ ಕೂಡಿದರೂ ಪ್ರತಿಯೊಬ್ಬರ ಬುದ್ಧಿಯೂ ಅವರವರ ಸ್ವಾಧೀನದಲ್ಲಿಯೇ ಇರುತ್ತದೆ. ಎರಡನೆಯದರಲ್ಲಿ ಸೇರಿದವನು ಕೆಲವು ಗಂಟೆಗಳ ಕಾಲ ತನ್ನ ಮೈಮನಗಳನ್ನು ಇತರರ ವಶಕ್ಕೆ ಒಪ್ಪಿಸಬೇಕಾಗುತ್ತದೆ. ದಕ್ಷಿಣ ಅಮೆರಿಕದ ಆಯಾಹುವಾಸ್ಕ ಎಂಬ ಪಾನದ ಸುತ್ತ ಈಗ ಅನೇಕ ದೇಶಗಳಲ್ಲಿ ನಡೆಯುತ್ತಿರುವ ದೊಡ್ಡ ಸಮೂಹಾಚರಣೆಗಳು ಎರಡನೆಯ ಬಗೆಗೆ ಸೇರಿದವು. ವ್ಯಾಸಂಗಕ್ಕೂ ಉದ್ಯೋಗಕ್ಕೂ ಹೊರದೇಶಗಳಿಗೆ ಹೋಗುವ ನಮ್ಮ ತರುಣರಿಗೆ ಇಂಥ ಆಹ್ವಾನ ಬರುವ ಸಂಭವ ಇಲ್ಲದಿಲ್ಲ. ಅದನ್ನು ಸ್ವೀಕರಿಸುವ ಮುನ್ನ ವಿಚಾರಿಸಬೇಕಾದುದೇನು ಎಂಬುದೇ ಈ ಲೇಖನದ ವಿಷಯ.

ನಮಗೆ ಪರಿಚಿತವಾದ ಆಚರಣೆಗಳಿಂದಲೇ ಆರಂಭಿಸೋಣ. ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಸಿದ್ಧಿವಿನಾಯಕನು ಘಂಟೆ ಗಣಪತಿಯೆಂದೇ ಪ್ರಸಿದ್ಧನಾಗಿದ್ದಾನೆ. ಹರಕೆ ಹೊತ್ತವರು ಇಷ್ಟಾರ್ಥವು ನೆರವೇರಿದ ಮೇಲೆ ಬಂದು ಘಂಟೆಯನ್ನು ಒಪ್ಪಿಸುವುದು ಅಲ್ಲಿಯ ಪದ್ಧತಿ. ಇಲ್ಲಿ ಗಮನಾರ್ಹವಾದ ಅಂಶಗಳು ಎರಡು. ಕಾಣಿಕೆ ಸಲ್ಲುವುದು ಫಲದ ಅನಂತರ. ಫಲವು ದೊರೆಯಿತೇ ಇಲ್ಲವೇ ಎಂದು ತೀರ್ಮಾನಿಸುವವನು ಭಕ್ತನೇ. ಜನಸಂದಣಿ ಎಷ್ಟೇ ಇರಲಿ, ಬೇಡವೆನಿಸಿದ ಕ್ಷಣದಲ್ಲಿ ಅವನು ಹೊರಟು ಬರಬಹುದು.

ಎರಡನೆಯ ಬಗೆಯೂ ಕರ್ನಾಟಕಕ್ಕೆ ಹೊಸದಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ, ಕೃಷ್ಣಾತೀರದ ಮೌನೇಶ್ವರ ಕ್ಷೇತ್ರದ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯನ್ನು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದುವು. ಗಾಂಜಾ ಕಾನೂನಿನಿಂದ ನಿಷಿದ್ಧವಾದ ವಸ್ತು. ಅದರ ಗುಣವೂ ಆಯಾಹುವಾಸ್ಕದ ಗುಣವೂ ಬೇರೆ ಬೇರೆ. ಆದರೂ ವಿಧಿಯ ರೂಪದಲ್ಲಿ ಒಂದು ಸಾಮ್ಯವುಂಟು: ವಸ್ತುವಿಗೆ ಅರ್ಥವನ್ನು ಕೊಡುವುದು ಸ್ಥಳ, ಕಾಲ ಮತ್ತು ಸಂಪ್ರದಾಯ. ಅವುಗಳಿಂದ ಬೇರ್ಪಡಿಸಿ ಮಾರಿದಾಗ ಉಳಿಯುವುದು ವಸ್ತುವಿನ ಪ್ರಭಾವ ಮಾತ್ರ.

ಆಯಾಹುವಾಸ್ಕ ಎಂಬ ಕೆಚುವಾ ಭಾಷೆಯ ಪದಕ್ಕೆ 'ಆತ್ಮದ ಬಳ್ಳಿ' ಎಂದು ಅರ್ಥ ಹೇಳಬಹುದು. ಸಾಮಾನ್ಯವಾಗಿ ಎರಡು ಸಸ್ಯಗಳನ್ನು ಕೂಡಿಸಿ ಬೇಯಿಸಿ ಈ ಕಷಾಯವನ್ನು ಸಿದ್ಧಪಡಿಸುತ್ತಾರೆ. ಒಂದು ಬ್ಯಾನಿಸ್ಟೀರಿಯಾಪ್ಸಿಸ್ ಕಾಪಿ ಎಂಬ ಬಳ್ಳಿ. ಮತ್ತೊಂದು ಕಾಫಿಯ ಕುಟುಂಬಕ್ಕೆ ಸೇರಿದ ಸೈಕೋಟ್ರಿಯಾ ವಿರಿಡಿಸ್ ಎಂಬ ಗಿಡದ ಎಲೆ. ಎಲೆಯಲ್ಲಿ ಡಿಎಂಟಿ ಎಂಬ ಭ್ರಮಾಜನಕ ವಸ್ತುವಿದೆ. ಅದನ್ನು ಮಾತ್ರ ಸೇವಿಸಿದರೆ ಕರುಳು ಮತ್ತು ಯಕೃತ್ತಿನಲ್ಲಿರುವ ಮಾನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವು ಅದನ್ನು ಒಡೆದುಹಾಕುತ್ತದೆ. ಬಳ್ಳಿಯಲ್ಲಿರುವ ಹಾರ್ಮೀನ್, ಹಾರ್ಮಲೀನ್‌ಗಳು ಆ ಕಿಣ್ವವನ್ನು ತಡೆಯುವುದರಿಂದ ಡಿಎಂಟಿ ಮೆದುಳನ್ನು ಮುಟ್ಟುತ್ತದೆ. ಪರಿಣಾಮವು ಸುಮಾರು ಒಂದು ಗಂಟೆಯೊಳಗೆ ತೋರಿ, ಹಲವು ಗಂಟೆಗಳ ಕಾಲ ಇರುತ್ತದೆ. ವಾಂತಿಯಾಗುವುದು ಸಾಮಾನ್ಯ, ರಕ್ತದ ಒತ್ತಡವೂ ನಾಡಿಯ ವೇಗವೂ ಏರುತ್ತವೆ.

ಅಪಾಯದ ಮೂಲವೂ ಈ ಕಿಣ್ವನಿರೋಧದಲ್ಲಿಯೇ ಇದೆ. ಮನಃಖಿನ್ನತೆಗೆ ವೈದ್ಯರು ಕೊಡುವ ಅನೇಕ ಔಷಧಗಳು ಮೆದುಳಿನಲ್ಲಿ ಸೆರೊಟೋನಿನ್ನಿನ ಪ್ರಮಾಣವನ್ನು ಹೆಚ್ಚಿಸುತ್ತವೆ. ಅವುಗಳೊಡನೆ ಈ ಪಾನವು ಸೇರಿದರೆ ಸೆರೊಟೋನಿನ್ ವಿಷಮತೆ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆಚರಣೆಗಾಗಿ ಔಷಧವನ್ನು ತಾನೇ ಥಟ್ಟನೆ ನಿಲ್ಲಿಸುವುದೂ ಅಪಾಯಕರ. ಸ್ಕಿಜೊಫ್ರೇನಿಯ, ಉನ್ಮಾದ ಮೊದಲಾದ ವ್ಯಾಧಿಗಳು ತಮಗಾಗಲಿ ಸಮೀಪ ಬಂಧುಗಳಿಗಾಗಲಿ ಬಂದಿದ್ದರೆ ಚಿತ್ತವಿಭ್ರಮೆ ಕೆರಳುವ ಭಯವುಂಟು. ಹೃದ್ರೋಗಿಗಳಿಗೂ ಇದು ತಕ್ಕುದಲ್ಲ. ಇಲ್ಲೊಂದು ವಿಪರ್ಯಾಸವಿದೆ: ಇಂಥ ಆಹ್ವಾನಕ್ಕೆ ಬೇಗನೆ ಮನಸೋಲುವವರಲ್ಲಿ ದುಃಖಿತರೂ ಖಿನ್ನರೂ ಅನೇಕರು, ಅಪಾಯವು ಹೆಚ್ಚಾಗಿ ಕಾದಿರುವುದೂ ಅವರಿಗೇ.

ಹಾಗಾದರೆ ಪ್ರಯೋಜನವೇ ಇಲ್ಲವೇ? ಹಾಗೆ ಹೇಳಲಾಗದು. ಬ್ರೆಜಿಲಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೇರೆ ಚಿಕಿತ್ಸೆಗಳಿಗೆ ಮಣಿಯದ ಖಿನ್ನತೆಯ 29 ರೋಗಿಗಳಿದ್ದರು. ಒಂದೇ ಸಲ ಆಯಾಹುವಾಸ್ಕ ಪಡೆದವರಲ್ಲಿ ಶೇಕಡ 64 ಮಂದಿಗೆ ಏಳನೆಯ ದಿನ ಗಣನೀಯ ಸುಧಾರಣೆ ಕಂಡಿತು. ಹುಸಿ ಔಷಧ ಪಡೆದವರಲ್ಲಿ ಶೇಕಡ 27 ಮಂದಿಗೆ. ಈ ಅಂಕಿಗಳು ಆಶಾದಾಯಕವೇ. ಆದರೆ ರೋಗಿಗಳ ಸಂಖ್ಯೆ ಅತ್ಯಲ್ಪ. ಅವರನ್ನು ಮೊದಲೇ ಪರೀಕ್ಷಿಸಿ ಆರಿಸಿ, ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿನಲ್ಲಿ ಪಾನವನ್ನು ಕೊಡಲಾಗಿತ್ತು. ಅಪರಿಚಿತರ ದೊಡ್ಡ ಗುಂಪಿನಲ್ಲಿ ಕುಡಿದವನಿಗೆ ಅದೇ ಫಲವನ್ನು ಈ ಪ್ರಯೋಗವು ಸಾಧಿಸಿಕೊಟ್ಟಿಲ್ಲ.

ಗುಂಪು ದೊಡ್ಡದೆಂಬುದೊಂದೇ ದೋಷವೆಂದು ನಾವು ಭಾವಿಸಬಾರದು. 1930ರಲ್ಲಿ ರೈಮುಂಡೊ ಇರಿನೇವು ಸೆರ್ರ ಎಂಬಾತನು ಬ್ರೆಜಿಲಿನ ಆಕ್ರೆ ಪ್ರಾಂತದಲ್ಲಿ ಸ್ಥಾಪಿಸಿದ ಸಾಂತೊ ದೈಮೆ ಪಂಥದಲ್ಲಿ ಬಹುಮಂದಿ ಒಟ್ಟಾಗಿ ಕುಡಿದು ಸ್ತೋತ್ರಗಳನ್ನು ಹಾಡುತ್ತಾರೆ. ಅಲ್ಲಿ ಸ್ತ್ರೀಪುರುಷರಿಗೆ ಬೇರೆ ಬೇರೆ ಸ್ಥಾನಗಳು, ಸಮವಸ್ತ್ರ ಮತ್ತು ಮೇಲ್ವಿಚಾರಕರು ಉಂಟು. ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರು. ಬ್ರೆಜಿಲ್ ಸರಕಾರದ 2010ರ ನಿಯಮಾವಳಿಯು ಧಾರ್ಮಿಕ ಬಳಕೆಗೆ ಸಮ್ಮತಿಯಿತ್ತರೂ ವ್ಯಾಪಾರವನ್ನು ಒಪ್ಪುವುದಿಲ್ಲ; ಹೊಸಬರೊಡನೆ ಮೊದಲು ಸಂದರ್ಶನ ನಡೆಸಬೇಕೆಂದೂ ಮಾನಸಿಕ ವ್ಯಾಧಿಯ ಹಿನ್ನೆಲೆಯುಳ್ಳವರಿಗೆ ಕೊಡಬಾರದೆಂದೂ ಸೂಚಿಸುತ್ತದೆ. ಎಂದರೆ, ದೀರ್ಘಕಾಲದ ಅನುಭವವುಳ್ಳ ದೇಶವೇ ಈ ಎಚ್ಚರಿಕೆಗಳನ್ನು ಅವಶ್ಯವೆಂದು ಕಂಡಿದೆ.

ಹಣ ತೆತ್ತು ಎರಡು ಮೂರು ದಿನಗಳಿಗೆಂದು ಕೂಡುವ ಗುಂಪುಗಳಲ್ಲಿ ಇಂಥ ಪೂರ್ವಪರಿಚಯಕ್ಕೆ ಅವಕಾಶವು ವಿರಳ. ಚಂದಗುಳಿಯ ಕ್ರಮವು ಇಲ್ಲಿ ತಿರುವುಮುರುವಾಗುತ್ತದೆ: ಶುಲ್ಕವು ಫಲಕ್ಕೆ ಮೊದಲೇ ಸಂದಿರುತ್ತದೆ, ಕುಡಿದ ಮೇಲೆ ಹೊರಡುವ ಬಾಗಿಲು ಮುಚ್ಚಿದಂತೆಯೇ ಸರಿ. ಉದಾಹರಣೆಗೆ, 60 ಮಂದಿಗೆ ಮೂವರು ಸಹಾಯಕರಿದ್ದಾರೆಂದು ಭಾವಿಸೋಣ. ಇಬ್ಬರಿಗೆ ಏಕಕಾಲದಲ್ಲಿ ಸಂಕಟವಾಗಿ ಇಬ್ಬರು ಸಹಾಯಕರು ಅವರ ಬಳಿ ನಿಂತರೆ, ಉಳಿದ 58 ಮಂದಿಗೆ ಒಬ್ಬನೇ ದಿಕ್ಕು. ಆ ಸಹಾಯಕನೂ ಕುಡಿದಿದ್ದರೆ ಆ ಒಬ್ಬನೂ ಇಲ್ಲ. ನೆರೆಯವರೆಲ್ಲ ಕುಡಿಯುತ್ತಿರುವುದನ್ನು ಕಂಡು ಧೈರ್ಯ ಬರುವುದು ಸಹಜ. ಆದರೆ ಸಂಖ್ಯೆಯು ಕೊಡುವುದು ಧೈರ್ಯವನ್ನು, ರಕ್ಷಣೆಯನ್ನಲ್ಲ.

ಆದುದರಿಂದ ನಿರ್ಧಾರವನ್ನು ಪಾತ್ರೆಯ ಮುಂದೆ ಕುಳಿತಾಗ ಮಾಡದೆ ಮನೆಯಲ್ಲಿರುವಾಗಲೇ ಮಾಡತಕ್ಕದ್ದು. ನಮ್ಮ ರೋಗಗಳನ್ನೂ ಔಷಧಗಳನ್ನೂ ಅವರು ವಿಚಾರಿಸಿದರೇ? ಕುಡಿಯದೆ ಎಚ್ಚರವಾಗಿರುವವರು ಎಷ್ಟು ಮಂದಿ? ಆಸ್ಪತ್ರೆ ಎಷ್ಟು ದೂರ? ಪಾತ್ರೆಯಲ್ಲಿರುವುದೇನು, ಪ್ರಮಾಣವೆಷ್ಟು? ಕಡೆಯ ಗಳಿಗೆಯಲ್ಲಿ ಒಲ್ಲೆನೆಂದರೆ ಗೌರವದಿಂದ ಒಪ್ಪುವರೇ? ಅನಂತರದ ವಾರಗಳಲ್ಲಿ ಮನಸ್ಸು ಕದಡಿದರೆ ಕೇಳುವವರು ಯಾರು? ಇವುಗಳಲ್ಲಿ ಒಂದಕ್ಕಾದರೂ ಸ್ಪಷ್ಟವಾದ ಉತ್ತರವಿಲ್ಲದಿದ್ದರೆ ಸೇರದಿರುವುದೇ ವಿವೇಕ. ಭಾರತದಲ್ಲಂತೂ 1985ರ ಮಾದಕವಸ್ತು ಅಧಿನಿಯಮದ ಅನುಸೂಚಿಯಲ್ಲಿ ಡಿಎಂಟಿ ಸೇರಿರುವುದರಿಂದ ಈ ಪಾನವು ದಂಡನೆಗೆ ಗುರಿಮಾಡಬಲ್ಲುದು.

ಮನೋವೇದನೆಯ ನಿವಾರಣೆಗೆಂದು ಈ ದಾರಿಯತ್ತ ನೋಡುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಅಪಹಾಸ್ಯದ ಉತ್ತರ ಕೊಡದೆ, ಮೊದಲು ಅವರ ವೇದನೆಯನ್ನು ಕೇಳಿ, ಮನೋವೈದ್ಯರಲ್ಲಿಗೆ ಕಳುಹಿಸುವುದು ಉಚಿತ. ಗುಂಪಿನಲ್ಲಿ ದೊರೆಯಬಹುದೆಂದು ಅವರು ಆಶಿಸುವ ಆಪ್ತತೆಯ ಒಂದಂಶವಾದರೂ ಅಲ್ಲಿಯೇ ದೊರೆಯಬಹುದು.