ನೀರಿನಡಿಯ ಮರೆವು

ಈಜನ್ನು ಒಮ್ಮೆ ಕಲಿತವನು ಸಾಯುವತನಕ ಮರೆಯನೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಕೆರೆ ಬಾವಿಗಳ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಕಡಲಿನ ಆಳಕ್ಕಿಳಿಯುವ ಸ್ಕೂಬಾ ವಿದ್ಯೆಗೆ ಇದೇ ಮಾತನ್ನು ಅನ್ವಯಿಸಿದರೆ ಪ್ರಾಣಕ್ಕೇ ಸಂಚಕಾರ. ಈಜು ದೇಹದ ಸ್ವಭಾವಕ್ಕೆ ಹತ್ತಿರವಾದುದು; ಇದು ಸ್ವಭಾವಕ್ಕೆ ತೀರ ವಿರುದ್ಧವಾದುದು.

ವಿರುದ್ಧವೆಂದೆನಷ್ಟೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಡಲಿನ ಮೇಲ್ಮೈಯಲ್ಲಿ ನಮ್ಮ ಮೇಲಿರುವ ಒತ್ತಡ ಒಂದು ವಾಯುಮಂಡಲದಷ್ಟು. ಸುಮಾರು 10 ಮೀಟರು ಕೆಳಗೆ ಅದು ಎರಡಾಗುತ್ತದೆ, 20 ಮೀಟರಿನಲ್ಲಿ ಮೂರಾಗುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೊ ಮತ್ತು ಎಮಿಲ್ ಗನ್ಯಾನ್ ರೂಪಿಸಿದ ಉಸಿರಾಟದ ಯಂತ್ರದ ಚಮತ್ಕಾರವೆಲ್ಲ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿಯೇ ಗಾಳಿಯನ್ನು ಬಾಯಿಗೆ ಒದಗಿಸುವುದರಲ್ಲಿದೆ. ಹೀಗಾಗಿ 10 ಮೀಟರಿನಲ್ಲಿ ಎದೆತುಂಬ ಎಳೆದುಕೊಂಡ ಉಸಿರು ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರಾಡುತ್ತ ನಿಧಾನವಾಗಿ ಏರಿದವನಿಗೆ ಇದರಿಂದ ತೊಂದರೆಯಿಲ್ಲ. ಉಸಿರು ಬಿಗಿಹಿಡಿದು ಏರಿದವನ ಶ್ವಾಸಕೋಶ ಹರಿಯಬಹುದು; ಗಾಳಿಯ ಗುಳ್ಳೆ ರಕ್ತವನ್ನು ಸೇರಿ ಮಿದುಳಿನ ನಾಳವನ್ನು ಮುಚ್ಚಬಹುದು. ಇದಕ್ಕೆ ಬಹಳ ಆಳವೂ ಬೇಕಿಲ್ಲ, ಎರಡಾಳು ನೀರೇ ಸಾಕು.

ನೀರಿನಲ್ಲಿ ಗಾಬರಿಗೊಂಡ ಮನುಷ್ಯ ಮಾಡುವುದೇನು? ಉಸಿರು ಬಿಗಿಹಿಡಿಯುತ್ತಾನೆ, ಬೆಳಕಿನ ಕಡೆಗೆ ಚಿಮ್ಮುತ್ತಾನೆ. ಎರಡೂ ಹುಟ್ಟುಗುಣ, ಇಲ್ಲಿ ಎರಡೂ ಮಾರಕ. ತರಬೇತಿಯೆಂಬುದು ಈ ಹುಟ್ಟುಗುಣದ ಮೇಲೆ ಅಭ್ಯಾಸವು ಬಳಿದ ತೆಳುವಾದ ಲೇಪ. ವರ್ಷಗಟ್ಟಲೆ ನೀರಿಗಿಳಿಯದವನಲ್ಲಿ ಲೇಪ ಉದುರಿರುತ್ತದೆ, ಗುಣ ಉಳಿದಿರುತ್ತದೆ. ಹಲವು ಸಂಸ್ಥೆಗಳು ಕೊಡುವ ಅರ್ಹತಾಪತ್ರಕ್ಕಾದರೋ ಅವಧಿಯೆಂಬುದೇ ಇಲ್ಲ. ಪತ್ರ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ, ಕೈ ಮರೆತಿರುತ್ತದೆ.

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ಹೋಗುವ ಮುನ್ನ, ಏಳು ವರ್ಷ ಈ ವಿದ್ಯೆಯಿಂದ ದೂರವಿದ್ದ ನಾನು ಮರುತರಬೇತಿಯನ್ನು ಕೇಳಿಕೊಂಡೆ. "ಮೊದಲು ಕೊಳದಲ್ಲಿ ನೋಡುವ ಮಾಸ್ತರೆ," ಎಂದ ಕಲಿಸುವ ತರುಣ, ಮೀನುಗಾರರ ಮನೆಯ ಹುಡುಗ. "ಹೊಸಬರ ಹೆದರಿಕೆ ನಮಗಿಲ್ಲ, ಅವರನ್ನು ಹಿಡಿದುಕೊಂಡೇ ಇರ್ತೇವೆ. ಕಲಿತು ಬಿಟ್ಟವರು ಕೈ ಬಿಡಿ ಅಂತಾರೆ. ಅವರದೇ ಹೆದರಿಕೆ."

ನನ್ನ ಜೊತೆಗೆ ಇನ್ನೊಬ್ಬರಿದ್ದರು. ಹತ್ತು ವರ್ಷದ ಹಿಂದೆ ಕಲಿತವರು, ಓದಿದ್ದರಲ್ಲಿ ಒಂದಕ್ಷರವನ್ನೂ ಮರೆಯದವರು. ಮುಖದ ಗಾಜಿನ ಕವಚಕ್ಕೆ ನೀರು ಹೊಕ್ಕರೆ ಏನು ಮಾಡಬೇಕೆಂದು ಕೇಳಿದಾಗ ಥಟ್ಟನೆ ಹೇಳಿದರು: ಮೇಲಂಚನ್ನು ಹಣೆಗೊತ್ತಿ, ತಲೆಯನ್ನು ತುಸು ಎತ್ತಿ, ಮೂಗಿನಿಂದ ಉಸಿರು ಬಿಡಬೇಕು. ಎದೆಮಟ್ಟದ ನೀರಿನಲ್ಲಿ ಮಂಡಿಯೂರಿ ಕುಳಿತಾಗ ಕವಚದೊಳಕ್ಕೆ ನೀರು ಬಿಡಲಾಯಿತು. ಮೂಗು ಉಸಿರನ್ನು ಬಿಡುವ ಬದಲು ಒಳಕ್ಕೆಳೆದುಕೊಂಡಿತು. ಕ್ಷಣಾರ್ಧದಲ್ಲಿ ಅವರು ಕವಚವನ್ನು ಕಿತ್ತು, ಬಾಯಿಯ ಉಸಿರುಕೊಳವೆಯನ್ನೂ ಉಗುಳಿ, ಎದ್ದು ನಿಂತು ಕೆಮ್ಮುತ್ತಿದ್ದರು. ಅಲ್ಲಿ ಎದ್ದು ನಿಲ್ಲಲು ನೆಲವಿತ್ತು. ನೇತ್ರಾಣಿಯ ಬಂಡೆಗಳ ನಡುವೆ 15 ಮೀಟರಿನಲ್ಲಿ ಎದ್ದು ನಿಂತರೆ ಮೇಲೆಯೂ ನೀರೇ.

ಮರೆವಿನ ಕಾಟ ಇಷ್ಟಕ್ಕೇ ನಿಲ್ಲದು. ವರ್ಷಗಳಲ್ಲಿ ಮೈತೂಕ ಬದಲಾಗಿರುತ್ತದೆ. ಹಳೆಯ ಲೆಕ್ಕದಂತೆ ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಂಡವನು ಕಲ್ಲಿನಂತೆ ಇಳಿದಾನು, ಇಲ್ಲವೆ ಬೆಂಡಿನಂತೆ ತೇಲಿಯಾನು. ಗಾಬರಿಯಲ್ಲಿ ಗಾಳಿ ಬೇಗ ಖರ್ಚಾಗುತ್ತದೆ. ಮಾಪಕದ ಮುಳ್ಳನ್ನು ಆಗಾಗ ನೋಡುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಆಳದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಗುಳ್ಳೆಯಾಗದೆ ಹೊರಬೀಳಬೇಕಾದರೆ ನಿಧಾನವಾಗಿ ಏರಿ, 5 ಮೀಟರಿನಲ್ಲಿ 3 ನಿಮಿಷ ತಂಗುವುದು ಇಂದಿನ ರೂಢಿ. ಹಂತಹಂತವಾಗಿ ಏರುವ ಕ್ರಮವನ್ನು ಆಡುಗಳ ಮೇಲೆ ಪ್ರಯೋಗಿಸಿ 1908ರಲ್ಲಿ ಪ್ರಕಟಿಸಿದವರು ಜಾನ್ ಸ್ಕಾಟ್ ಹಾಲ್ಡೇನ್. ನಮ್ಮ ದೇಶವನ್ನೇ ಮನೆಯಾಗಿಸಿಕೊಂಡು 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರ ತಂದೆ. ಗುಳ್ಳೆಯ ನೋವು ಎಂತಹುದೆಂದು ಆ ಆಡುಗಳು ಕಾಲೆತ್ತಿ ಕುಂಟಿ ತೋರಿಸಿದ್ದವು.

ಆ ಸಂಜೆ ನನ್ನ ಸಂಗಾತಿ ಕವಚದ ಅಭ್ಯಾಸವನ್ನು ಏಳೆಂಟು ಸಲ ಮಾಡಿದರು. ಕೊನೆಯ ಎರಡು ಸಲ ಸರಿಹೋಯಿತು. ಮರುದಿನ ದೋಣಿ ಸಿದ್ಧವಾದಾಗ, ಹಣ ಕಟ್ಟಿದ್ದರೂ ಅವರು ಹತ್ತಲಿಲ್ಲ. "ನೀವು ಹೋಗಿಬನ್ನಿ. ನಾನು ಇವತ್ತೂ ಕೊಳದಲ್ಲೇ ಇರ್ತೇನೆ," ಎಂದು ಹೇಳಿ ಚೀಲವನ್ನು ಹೆಗಲಿಗೇರಿಸಿ ಹಿಂದಿರುಗಿದರು.