ಗೀಸರಿಗೆ ಟೈಮರ್ ಕೂರಿಸುವ ಮುನ್ನ

ಬೆಂಗಳೂರಿನ ಜೋಗುಪಾಳ್ಯದ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ಯಂತ್ರ ಇರುವುದಿಲ್ಲ. ಡಿಸೆಂಬರ್ ಚಳಿಗೂ ಒಂದು ಸ್ವೆಟರ್, ಒಂದು ಕಂಬಳಿ ಸಾಕು. ಹಾಗಾಗಿ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಎಂಬುದರ ಹೆಸರು ಇಲ್ಲಿ ಮೆಕ್ಯಾನಿಕ್ಕುಗಳ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಅಷ್ಟಾಗಿ ಕೇಳಿಬರುವುದಿಲ್ಲ. ಆದರೂ ಅದು ಮನೆಯೊಳಗೇ ಇದೆ. ಇಸ್ತ್ರಿಪೆಟ್ಟಿಗೆಯಲ್ಲಿದೆ, ಫ್ರಿಜ್ಜಿನಲ್ಲಿದೆ, ಬಚ್ಚಲುಮನೆಯ ಗೀಸರಿನ ಕೆಳಮುಚ್ಚಳದ ಒಳಗಿದೆ. ಇವುಗಳಲ್ಲಿ ನಾವು ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ಗೀಸರಿನದು. ಕರೆಂಟು, ನೀರು, ಒದ್ದೆ ಮೈ ಮೂರೂ ಕೂಡುವ ಜಾಗ ಅದೊಂದೇ.

ಬೆಳಗಿನ ಜಾವ ತಾನೇ ಆನ್ ಆಗಿ, ಸ್ನಾನದ ಹೊತ್ತಿಗೆ ತಾನೇ ಆಫ್ ಆಗುವ ಟೈಮರುಗಳು, ಫೋನಿನಿಂದ ನಡೆಸುವ ವೈಫೈ ಪ್ಲಗ್ಗುಗಳು ಈಗ ಎಲ್ಲೆಡೆ ಸಿಗುತ್ತವೆ. ಕೊಂಡು ತಂದು ಚುಚ್ಚಿದರೆ ಕೆಲಸ ಮುಗಿಯಿತು ಎನ್ನುವ ಭಾವನೆಯೂ ಇದೆ. ಟೈಮರ್ ಒಳ್ಳೆಯ ಉಪಕರಣವೇ. ಆದರೆ ಇಷ್ಟು ದಿನ ಮನುಷ್ಯನೊಬ್ಬ ಸ್ವಿಚ್ ಒತ್ತುವಾಗ ನೋಡಿಕೊಳ್ಳುತ್ತಿದ್ದ ಕೆಲವು ಸಂಗತಿಗಳನ್ನು ಅದು ನೋಡಿಕೊಳ್ಳುವುದಿಲ್ಲ. ಅದನ್ನು ಕೂರಿಸುವ ಮುನ್ನ ಅದರ ಹಿಂದಿರುವ ಕಾವಲುಗಳೆಲ್ಲ ಸರಿಯಿವೆಯೇ ಎಂದು ನೋಡಲೇಬೇಕು.

ಒಳಗೆ ಏನಿದೆ

ಗೀಸರಿನ ಥರ್ಮೋಸ್ಟಾಟ್ ಸಾಮಾನ್ಯವಾಗಿ ಎರಡು ಬಗೆಯದು. ಒಂದರಲ್ಲಿ ದ್ರವ ತುಂಬಿದ ಸಣ್ಣ ತಾಮ್ರದ ಗುಂಡಿ, ಅದರಿಂದ ಹೊರಟ ಕೂದಲಿನಂಥ ನಳಿಕೆ. ನೀರು ಕಾದಂತೆ ದ್ರವ ಹಿಗ್ಗಿ ಸ್ವಿಚ್ಚನ್ನು ತಳ್ಳುತ್ತದೆ. ಇನ್ನೊಂದು ಕಡ್ಡಿಯ ಬಗೆ. ಹಿತ್ತಾಳೆ ಕೊಳವೆಯೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಕಡ್ಡಿ. ಬಿಸಿಗೆ ಹಿತ್ತಾಳೆ ಉದ್ದವಾಗುತ್ತದೆ, ಇನ್ವಾರ್ ಬಹುಪಾಲು ಇದ್ದಷ್ಟೇ ಇರುತ್ತದೆ. ಆ ವ್ಯತ್ಯಾಸವೇ ಸ್ವಿಚ್ಚನ್ನು ಎಳೆದು ಬಿಡಿಸುತ್ತದೆ. ಬಿಸಿಗೆ ಜಗ್ಗದ ಈ ನಿಕ್ಕಲ್-ಕಬ್ಬಿಣವನ್ನು 1896ರಲ್ಲಿ ಕಂಡುಕೊಂಡ ಶಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ನೀರು ಕಾಯಿಸುವ ಕಾಯಿಲ್ ಪಕ್ಕದಲ್ಲಿ ಆ ಕಡ್ಡಿ ಕಂಡಾಗ ಒಂದು ಕ್ಷಣ ಗೌರವದಿಂದ ನೋಡುವುದು ತಪ್ಪಲ್ಲ.

ಥರ್ಮೋಸ್ಟಾಟ್ ನೀರನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸುವಂತೆ ಇಟ್ಟಿರುತ್ತಾರೆ. ಅದು ದಿನಕ್ಕೆ ಹಲವು ಸಲ ಆನ್-ಆಫ್ ಆಗುತ್ತಲೇ ಇರುವುದರಿಂದ ವರ್ಷಗಳು ಕಳೆದಂತೆ ಅದರ ತುದಿಗಳು ಕಿಡಿಯಿಂದ ಸುಟ್ಟು ಒಂದಕ್ಕೊಂದು ಅಂಟಿಕೊಳ್ಳಬಹುದು. ಆಗ ಅದು ಆಫ್ ಆಗುವುದೇ ಇಲ್ಲ. ಈ ದಿನಕ್ಕೆಂದೇ ಪಕ್ಕದಲ್ಲಿ ಇನ್ನೊಂದು ತುಂಡು ಇರುತ್ತದೆ, ಥರ್ಮಲ್ ಕಟ್‌ಔಟ್. ನೀರು ಕುದಿಯುವ ಹಂತಕ್ಕೆ ಹೋಗುವ ಮೊದಲೇ ಅದು ಕರೆಂಟನ್ನು ಕಡಿಯುತ್ತದೆ. ಹಲವು ಗೀಸರುಗಳಲ್ಲಿ ಅದನ್ನು ಮತ್ತೆ ಕೈಯಿಂದಲೇ ಒತ್ತಬೇಕು.

ಮೂರನೆಯದು ನೀರಿನ ಕಡೆಯ ಸೇಫ್ಟಿ ವಾಲ್ವ್. 15 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾಯುವಾಗ ಸುಮಾರು ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ದಾರಿ ಬೇಕು. ವಾಲ್ವಿನಿಂದ ಹನಿ ಬೀಳುತ್ತದೆಂದು ಅದಕ್ಕೆ ಬಿರಡೆ ಹಾಕಿಸಿದ ಮನೆಗಳಿವೆ. ಆ ಬಿರಡೆ ಇಂದೇ ತೆಗೆಸಿ.

ನಮ್ಮ ರಿಪೇರಿ ಲೋಕದಲ್ಲಿ ಒಂದು ಮಾತಿದೆ: “ಕಟ್‌ಔಟ್ ಹೋಗಿದೆ ಸಾರ್, ಸದ್ಯಕ್ಕೆ ಡೈರೆಕ್ಟ್ ಕೊಟ್ಟಿದೀನಿ.” ಅಂದರೆ ಕಾವಲಿನ ತುಂಡನ್ನು ಬಿಟ್ಟು, ವೈರನ್ನು ನೇರ ಕಾಯಿಲ್‌ಗೆ ಸೇರಿಸಿದ್ದಾರೆ. ಗೀಸರ್ ಮಾರನೇ ದಿನ ಎಂದಿನಂತೆ ಬಿಸಿನೀರು ಕೊಡುತ್ತದೆ, ಆ “ಸದ್ಯಕ್ಕೆ” ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಸ್ವಿಚ್ಚನ್ನು ಕೈಯಿಂದ ಆಫ್ ಮಾಡುವವರಿರುವ ತನಕ ಅಪಾಯ ಮರೆಯಲ್ಲಿರುತ್ತದೆ. ಅಂಥ ಗೀಸರಿಗೆ ಟೈಮರ್ ಹಾಕಿ, ಆ ಟೈಮರೂ ಒಂದು ದಿನ ಆನ್ ಆದಲ್ಲೇ ಸಿಕ್ಕಿಕೊಂಡರೆ ತಡೆಯಲು ಏನೂ ಇರುವುದಿಲ್ಲ. ಆದ್ದರಿಂದ ಮೊದಲ ಕೆಲಸ ಮುಚ್ಚಳ ತೆಗೆಸಿ ನೋಡುವುದು. ಎಲ್ಲಿಯಾದರೂ “ಡೈರೆಕ್ಟ್” ಕಂಡರೆ ಅದೇ ಕಂಪನಿಯ ಅದೇ ಅಳತೆಯ ತುಂಡನ್ನು ಹಾಕಿಸದೆ ಮುಂದೆ ಹೋಗಬೇಡಿ. ಟೈಮರ್ ಥರ್ಮೋಸ್ಟಾಟಿನ ಬದಲಿಗೆ ಬರುವ ವಸ್ತುವಲ್ಲ. ಅದು ಥರ್ಮೋಸ್ಟಾಟಿಗೂ ಮೊದಲು, ಫೇಸ್ ವೈರಿನಲ್ಲಿ, ಅದೇ ಸಾಲಿನಲ್ಲಿ ಬರಬೇಕು.

ಅಮೆರಿಕದಿಂದ ಬಂದ ಥರ್ಮೋಸ್ಟಾಟ್

ಟೆಕ್ಸಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದ ಕುಟುಂಬಗಳು ಗೋಡೆಯ ಮೇಲಿನ ಥರ್ಮೋಸ್ಟಾಟನ್ನು ತಾವೇ ಬದಲಿಸಿಕೊಳ್ಳುತ್ತವೆ. ಅಲ್ಲಿ ಅದು ಅಷ್ಟು ಕಷ್ಟವಲ್ಲ, ಕಾರಣವೂ ಇದೆ. ಮನೆಯಿಡೀ ಬಿಸಿ ಮಾಡುವ ಯಂತ್ರದೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಕರೆಂಟನ್ನು 24 ವೋಲ್ಟಿಗೆ ಇಳಿಸಿರುತ್ತದೆ. ಗೋಡೆಯ ಪೆಟ್ಟಿಗೆಗೆ ಬರುವುದು ಆ 24 ವೋಲ್ಟ್ ಮಾತ್ರ. ಆರ್, ಡಬ್ಲ್ಯು, ವೈ, ಜಿ, ಸಿ ಎಂದು ಗುರುತಿಟ್ಟ ತೆಳು ತಂತಿಗಳನ್ನು ಅದೇ ಅಕ್ಷರಗಳ ಎದುರು ಸಿಕ್ಕಿಸಿದರೆ ಆಯಿತು. ಅಲ್ಲಿಯೂ ಮೊದಲು ಬ್ರೇಕರ್ ಆಫ್ ಮಾಡಬೇಕು, ಹಳೆಯ ಜೋಡಣೆಯ ಫೋಟೊ ತೆಗೆದುಕೊಳ್ಳಬೇಕು. ಗೋಡೆಯಂಚಿನ ಹೀಟರುಗಳಿರುವ ಮನೆಗಳಲ್ಲಿ ದಪ್ಪ ತಂತಿಗಳು, 240 ವೋಲ್ಟ್, ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್.

ಇಲ್ಲಿ ನಮ್ಮ ಗೀಸರಿನ ಥರ್ಮೋಸ್ಟಾಟಿನ ಮೂಲಕ ಹರಿಯುವುದು 230 ವೋಲ್ಟಿನ ಪೂರ್ತಿ ಕರೆಂಟು. 2,000 ವ್ಯಾಟಿನ ಗೀಸರಾದರೆ ಸುಮಾರು 8.7 ಆಂಪಿಯರ್, 3,000 ವ್ಯಾಟಿನದಾದರೆ 13. ಅಲ್ಲಿರುವ ಮಗಳೋ ಮಗನೋ ತಂದ 24 ವೋಲ್ಟಿನ ಪೆಟ್ಟಿಗೆಯನ್ನು ಇಲ್ಲಿ ಸಿಕ್ಕಿಸಿದರೆ ಆ ಕ್ಷಣವೇ ಸುಡುತ್ತದೆ, ಮುಟ್ಟಿದವರಿಗೂ ಅಪಾಯ. ಅಂತರ್ಜಾಲದ ಅಮೆರಿಕನ್ ವಿಡಿಯೊ ನೋಡಿಕೊಂಡು ಇಲ್ಲಿನ ವೈರಿಗೆ ಕೈಹಾಕುವುದೂ ಅಷ್ಟೇ ಅಪಾಯ.

ಹಳೆಯ ಗೋಡೆಯ ಹಿಂದಿನ ವೈರು

ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿಗೆ ಬಂದದ್ದು ದೀಪಕ್ಕೆಂದು. ಹಲಸೂರು, ಜೋಗುಪಾಳ್ಯದ ಕಡೆಯ ಹಳೆಯ ಮನೆಗಳಲ್ಲಿ ಮೊದಲ ವೈರಿಂಗ್ ಆದದ್ದೂ ದೀಪ, ಫ್ಯಾನು, ರೇಡಿಯೊಗಳ ಲೆಕ್ಕದಲ್ಲೇ. ಅದೇ ಮನೆಯ ಮೇಲೆ ಒಂದು, ಎರಡು ಅಂತಸ್ತು ಏರಿದವು, ಪ್ರತಿ ಅಂತಸ್ತಿಗೂ ಗೀಸರ್ ಬಂತು. ಗೀಸರಿಗೆ ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದಲೇ (ಡಿಬಿ) ಹೊರಟ ಪ್ರತ್ಯೇಕ ಸಾಲು ಇರಬೇಕು. ಅದಕ್ಕೊಂದು 16 ಆಂಪಿಯರಿನ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬಿಡುವ ಬ್ರೇಕರ್), ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಓಟ ಉದ್ದವಿದ್ದರೆ ಅಥವಾ ಗೀಸರ್ ದೊಡ್ಡದಿದ್ದರೆ 4. ದೀಪದ ಸ್ವಿಚ್‌ಬೋರ್ಡಿನಿಂದ ಎಳೆದ ವೈರಿಗೆ ಗೀಸರನ್ನೂ ಕೊಟ್ಟಿದ್ದರೆ ಟೈಮರಿನ ಮಾತು ಆಮೇಲೆ.

ಅರ್ತಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಒಂದು ಬದಲಾವಣೆ ಯಾರಿಗೂ ತಿಳಿಯದಂತೆ ಆಗಿಹೋಗಿದೆ. ಹಿಂದೆ ನೀರಿನ ಪೈಪುಗಳು ಕಬ್ಬಿಣದ ಜಿಐ ಪೈಪುಗಳು. ಗೀಸರಿನ ಕಾಯಿಲ್ ಒಡೆದು ಕರೆಂಟು ನೀರಿಗೆ, ಗೀಸರಿನ ಹೊರಮೈಗೆ ಸೋರಿದರೂ ಬಹಳಷ್ಟು ಆ ಪೈಪಿನ ಮೂಲಕವೇ ನೆಲಕ್ಕೆ ಇಳಿಯುತ್ತಿತ್ತು. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಅರ್ತ್ ತಂತಿಯೇ ಇಲ್ಲದ ಮನೆಗಳೂ ಹಾಗೇ ನಡೆದವು. ಆಮೇಲೆ ತುಕ್ಕು ಹಿಡಿದ ಜಿಐ ಪೈಪುಗಳನ್ನು ಕಿತ್ತು ಪ್ಲಾಸ್ಟಿಕ್ಕಿನ ಸಿಪಿವಿಸಿ ಹಾಕಿಸಿದೆವು. ನೀರು ಚೆನ್ನಾಗಿ ಬಂತು, ಆದರೆ ಯಾರೂ ಅರ್ತ್ ಎಂದು ಕರೆಯದಿದ್ದ ಆ ಅರ್ತ್ ಅಂದೇ ಹೋಯಿತು. ಈಗ ಸೋರಿದ ಕರೆಂಟಿಗೆ ಉಳಿದ ದಾರಿ ನಲ್ಲಿಯಡಿ ನಿಂತವರ ಮೈ. ಪ್ಲಂಬಿಂಗ್ ಬದಲಿಸಿದ ಪ್ರತಿ ಹಳೆಯ ಮನೆಯಲ್ಲೂ ಅರ್ತಿಂಗನ್ನು ಮೀಟರ್ ಹಿಡಿದು ಹೊಸದಾಗಿ ಪರೀಕ್ಷಿಸಬೇಕು.

ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಎದೆಬಡಿತ ತಪ್ಪಲು 16 ಆಂಪಿಯರ್ ಬೇಕಿಲ್ಲ, ಅದರ ಸಣ್ಣದೊಂದು ಪಾಲು ಸಾಕು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸು ಬಂತೇ ಎಂದು ಅದು ತೂಗುತ್ತಿರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಷ್ಟು ಕೊರತೆ ಕಂಡರೆ ಕ್ಷಣದೊಳಗೆ ಬಿಡುತ್ತದೆ. ಆ 30 ಮಿಲಿಆಂಪಿಯರ್ 16 ಆಂಪಿಯರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆರ್‌ಸಿಸಿಬಿ ಇಲ್ಲದ ಸಾಲಿನಲ್ಲಿ ಟೈಮರ್ ಕೊಳ್ಳುವ ಹಣವನ್ನು ಮೊದಲು ಅದಕ್ಕೆ ಹಾಕಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ಬಣ್ಣದ ವಿಷಯದಲ್ಲೂ ಒಂದು ಎಚ್ಚರ. ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಗೀಸರಿನ ಜೊತೆ ಬರುವ ಕಾರ್ಡಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಅಂದರೆ ಒಂದು ಕಡೆ ಫೇಸ್ ಆಗಬಹುದಾದ ನೀಲಿ, ಇನ್ನೊಂದು ಕಡೆ ನ್ಯೂಟ್ರಲ್. ಬಣ್ಣ ನೋಡಿ ಜೋಡಿಸುವಂತಿಲ್ಲ, ಅಳೆದೇ ಜೋಡಿಸಬೇಕು.

ಕೂರಿಸುವಾಗ

ಟೈಮರಿಗೆ ಒಳ್ಳೆಯ ಜಾಗ ಬಚ್ಚಲುಮನೆಯ ಹೊರಗೆ. ಡಿಬಿಯೊಳಗೆ ಎಂಸಿಬಿಯ ಪಕ್ಕ ಕೂರುವ ಟೈಮರ್ ಎಲ್ಲಕ್ಕಿಂತ ವಾಸಿ. ಕರೆಂಟು ಹೋದರೂ ಗಡಿಯಾರ ಓಡುವ ಒಳಬ್ಯಾಟರಿ ಇರುವಂಥದ್ದನ್ನು ಕೇಳಿ ಪಡೆಯಿರಿ. ಇಲ್ಲದಿದ್ದರೆ ಕರೆಂಟು ಹೋದಷ್ಟೂ ಹೊತ್ತು ಸಮಯ ಹಿಂದೆ ಬಿದ್ದು, ಬೆಳಗಿನ ನೀರು ಮಧ್ಯಾಹ್ನ ಕಾಯುತ್ತದೆ. ರೇಟಿಂಗ್ 16 ಆಂಪಿಯರ್ ಇರಲಿ. 10 ಆಂಪಿಯರಿನ ವೈಫೈ ಪ್ಲಗ್ಗಿನಲ್ಲಿ 8.7 ಆಂಪಿಯರ್ ಓಡಿಸುವುದು ಕಾಗದದ ಮೇಲೆ ಸರಿ ಕಾಣಬಹುದು, ದಿನವೂ ಅದು ಕಾದು ಸೊರಗುತ್ತದೆ.

ಕೆಲಸಕ್ಕೆ ಮುನ್ನ ಎಂಸಿಬಿ ಇಳಿಸಿ, ಯಾರೂ ಏರಿಸದಂತೆ ಟೇಪು ಸುತ್ತಿ ಚೀಟಿ ಅಂಟಿಸಬೇಕು. ಫೋನಿನಲ್ಲಿ ಆಫ್ ಮಾಡಿದ್ದು ಆಫ್ ಅಲ್ಲ. ಆಮೇಲೆ ಟೆಸ್ಟರನ್ನು ಕರೆಂಟಿರುವ ಸಾಕೆಟ್ಟಿನಲ್ಲಿ ಮೊದಲು ನೋಡಿ, ಕೆಲಸದ ವೈರಿನಲ್ಲಿ ನೋಡಿ, ಮತ್ತೆ ಆ ಸಾಕೆಟ್ಟಿನಲ್ಲಿ ನೋಡಬೇಕು. ನಡುವೆ ಟೆಸ್ಟರೇ ಕೆಟ್ಟಿಲ್ಲ ಎಂದು ಗೊತ್ತಾಗುವುದು ಹಾಗೆ ಮಾತ್ರ. ಸ್ವಿಚ್ಚು ನ್ಯೂಟ್ರಲ್ಲಿಗೆ ಬಿದ್ದಿರುವ ಹಳೆಯ ಮನೆಗಳಲ್ಲಿ ಸ್ವಿಚ್ ಆಫ್ ಆದರೂ ಕಾಯಿಲ್‌ನಲ್ಲಿ ಕರೆಂಟು ನಿಂತಿರುತ್ತದೆ. ಆದ್ದರಿಂದ ಗೀಸರಿಗೆ ಎರಡೂ ತಂತಿ ಕಡಿಯುವ ಡಬಲ್ ಪೋಲ್ ಸ್ವಿಚ್ಚೇ ಬೇಕು. ಈ ಕೆಲಸಕ್ಕೆ ವೈರ್‌ಮನ್ ಪರವಾನಗಿ ಇರುವವರನ್ನೇ ಕರೆಯಿರಿ. ಮನೆಯವರ ಕೆಲಸ ಪಕ್ಕದಲ್ಲಿ ನಿಂತು ಇವನ್ನೆಲ್ಲ ಕೇಳುವುದು.

ಸ್ಕ್ರೂಗಳ ಬಿಗಿಯನ್ನು ಹಗುರವಾಗಿ ಎಣಿಸಬಾರದು. ಸಡಿಲವಾದ ಒಂದು ತುದಿಯಲ್ಲಿ ಅರ್ಧ ಓಮ್ ತಡೆ ಹುಟ್ಟಿದರೆ, 8.7 ಆಂಪಿಯರಿಗೆ ಆ ಒಂದೇ ಬಿಂದುವಿನಲ್ಲಿ ಸುಮಾರು 38 ವ್ಯಾಟ್ ಶಾಖ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಶಾಖವೇ ಅಷ್ಟು. ಕಂದು ತಿರುಗಿದ ಪ್ಲಗ್ಗುಗಳು ಹುಟ್ಟುವುದು ಹೀಗೆ, ಇದನ್ನು ಎಂಸಿಬಿಯೂ ಆರ್‌ಸಿಸಿಬಿಯೂ ಕಾಣುವುದಿಲ್ಲ. ಮೊದಲ ವಾರ, ಗೀಸರ್ ಓಡಿದ ಮೇಲೆ ಎಂಸಿಬಿ ಇಳಿಸಿ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಸುಡುತ್ತಿದ್ದರೆ ಬಿಚ್ಚಿಸಿ ನೋಡಲೇಬೇಕು.

ಮೊದಲ ಸಲ ಆನ್ ಮಾಡುವ ಮುನ್ನ ಬಿಸಿನೀರಿನ ನಲ್ಲಿ ತಿರುಗಿಸಿ, ಗಾಳಿಯೆಲ್ಲ ಹೋಗಿ ನೀರು ಒಂದೇ ಸಮ ಬರಬೇಕು. ತೊಟ್ಟಿ ಖಾಲಿಯಾಗಿ ಗೀಸರಿನ ನೀರು ಹಿಂದಕ್ಕೆ ಇಳಿದಿದ್ದರೆ ಕೈಯಿಂದ ಹಾಕುವವರಿಗೆ ನಲ್ಲಿ ನೋಡಿದೊಡನೆ ತಿಳಿಯುತ್ತದೆ. ಟೈಮರಿಗೆ ತಿಳಿಯದು, ಒಣ ಕಾಯಿಲ್ಲನ್ನೇ ಕಾಯಿಸುತ್ತದೆ. ನೀರು ಒಳಬರುವ ಬಾಯಿಯಲ್ಲಿ ಹಿಮ್ಮುಖ ಹರಿವು ತಡೆಯುವ ವಾಲ್ವ್ ಇರಬೇಕೆನ್ನುವುದು ಇದಕ್ಕೇ.

ಎಷ್ಟು ಹೊತ್ತಿಗೆ ಇಡಬೇಕು ಎಂಬುದು ಸುಲಭದ ಲೆಕ್ಕ. 15 ಲೀಟರ್ ನೀರು 22ರಿಂದ 60 ಡಿಗ್ರಿಗೆ ಏರುವುದು ಮುಕ್ಕಾಲು ಯೂನಿಟಿನೊಳಗೇ ಆಗುತ್ತದೆ, 2,000 ವ್ಯಾಟಿನಲ್ಲಿ 20 ನಿಮಿಷ. ತಣ್ಣೀರು ಬೆರೆಸಿದರೆ 40 ಡಿಗ್ರಿಯ ಎರಡು ಬಕೆಟ್. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಆನ್ ಆದರೆ ಸಾಕು. ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ಸಮಯ ಹಿಗ್ಗಿಸುವ ಬದಲು ಕಾಯಿಲ್ ಶುಚಿ ಮಾಡಿಸಿ. ಸುಡುತ್ತದೆಂದು ಥರ್ಮೋಸ್ಟಾಟನ್ನು 40ಕ್ಕೆ ಇಳಿಸಿಡುವುದೂ ಒಳ್ಳೆಯದಲ್ಲ. ನಿಂತ ಉಗುರುಬೆಚ್ಚಗಿನ ನೀರು ಲೆಜಿಯೊನೆಲ್ಲದಂಥ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ತಾರಸಿಯ ಸೋಲಾರ್ ಟ್ಯಾಂಕು

ಟೈಮರ್ ನಿಜಕ್ಕೂ ದುಡ್ಡು ಉಳಿಸುವುದು ಇಲ್ಲಿ. ಮೋಡದ ದಿನಕ್ಕೆಂದು ಸೋಲಾರ್ ಟ್ಯಾಂಕಿನೊಳಗೆ ಒಂದು ಕಾಯಿಲ್, ಒಂದು ಥರ್ಮೋಸ್ಟಾಟ್ ಇರುತ್ತದೆ. 200 ಲೀಟರನ್ನು 25ರಿಂದ 60ಕ್ಕೆ ಏರಿಸಲು ಸುಮಾರು 8 ಯೂನಿಟ್ ಬೇಕು. ಆ ಸ್ವಿಚ್ಚನ್ನು ಸದಾ ಆನ್ ಬಿಟ್ಟರೆ ರಾತ್ರಿಯೇ ಕರೆಂಟಿನಿಂದ ನೀರು ಕಾದಿರುತ್ತದೆ, ಹಗಲಿನ ಬಿಸಿಲಿಗೆ ಮಾಡಲು ಕೆಲಸವಿರುವುದಿಲ್ಲ. ಬೆಳಗಿನ ಜಾವ ಮಾತ್ರ ಆನ್ ಆಗುವಂತೆ ಇಟ್ಟರೆ ಬಿಸಿಲು ಕೊಟ್ಟಿದ್ದಕ್ಕೆ ಕೊರತೆಯಾದಷ್ಟನ್ನೇ ಕರೆಂಟು ತುಂಬುತ್ತದೆ.

ಮಳೆ-ಬಿಸಿಲಿಗೆ ಬಿದ್ದ ಆ ಕಾಯಿಲ್ಲಿನ ಮುಚ್ಚಳದೊಳಗೆ ನೀರು ಇಳಿಯುತ್ತದೆ, ವೈರಿನ ಹೊದಿಕೆ ಬಿರಿಯುತ್ತದೆ. ಅದಕ್ಕೇ ಮಳೆಗಾಲದಲ್ಲಿ ಆರ್‌ಸಿಸಿಬಿ ಮತ್ತೆ ಮತ್ತೆ ಬಿಡುವುದು. ಅದು ಕೆಟ್ಟಿದೆಯೆಂದು ತೆಗೆಸಬಾರದು, ಸೋರುವ ಜಾಗ ಹುಡುಕಿಸಬೇಕು. ಮೂರು ಅಂತಸ್ತಿಗೆ ಮೂರು ಮೀಟರಿರುವ ಮನೆಗಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ. ಫೇಸು ಒಂದು ಮನೆಯ ಮೀಟರಿನಿಂದ, ನ್ಯೂಟ್ರಲ್ಲು ಹತ್ತಿರ ಸಿಕ್ಕಿತೆಂದು ಇನ್ನೊಂದು ಮನೆಯದರಿಂದ ಎಳೆದಿದ್ದರೆ ಆರ್‌ಸಿಸಿಬಿಯ ಲೆಕ್ಕ ಎಂದೂ ಕೂಡುವುದಿಲ್ಲ. ಆ ಜೋಡಣೆಯಲ್ಲಿ ಕೆಳಗಿನವರು ಎಂಸಿಬಿ ಇಳಿಸಿದರೂ ಮೇಲಿನ ಮನೆಯ ಕರೆಂಟು ತಾರಸಿಯ ತಂತಿಗೆ ಬರಬಹುದು. ತಾರಸಿಯ ಟ್ಯಾಂಕಿನ ಪಕ್ಕದಲ್ಲೇ ಮಳೆ ತಾಗದ ಪೆಟ್ಟಿಗೆಯಲ್ಲಿ ಒಂದು ಡಬಲ್ ಪೋಲ್ ಸ್ವಿಚ್ ಹಾಕಿಸಿ. ಅದು ಯಾರ ಮೀಟರಿನ ಯಾವ ಎಂಸಿಬಿಗೆ ಸೇರಿದ್ದು ಎಂದು ಪೆಟ್ಟಿಗೆಯ ಒಳಬದಿಯಲ್ಲಿ ಅಳಿಸದ ಶಾಯಿಯಲ್ಲಿ ಬರೆಸಿ. ಮನೆ ಬದಲಿಸುವ ಬಾಡಿಗೆಯವರಿಗೆ ಅದನ್ನು ತೋರಿಸಿಯೇ ಕೀಲಿ ಕೊಡಿ.