ಮಂಗಳನ ಮೇಲೆ ಬೀಗಕ್ಕಾಗಿ ಕಾದ ಕಂಪ್ಯೂಟರ್

1997ರ ಜುಲೈ 4ರಂದು ಮಂಗಳನ ನೆಲಕ್ಕಿಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ತಾನಾಗಿಯೇ ರೀಸೆಟ್ ಆಗತೊಡಗಿತು. ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು. ಯಂತ್ರಭಾಗ ಯಾವುದೂ ಕೆಟ್ಟಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಓದುವ ವಿದ್ಯಾರ್ಥಿಗಳು ಮೊದಲು ತಿಳಿಯಬೇಕಾದ ಕಥೆ ಇದೇ ಎಂದು ನನ್ನ ನಂಬಿಕೆ.

ಪ್ರೊಸೆಸರ್ ಒಂದೇ, ಕೆಲಸಗಳು ಹಲವು. ಯಾರ ಸರದಿ ಮೊದಲು ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ. ಆ ನೌಕೆಯಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್. ಅದರಲ್ಲಿ ಪ್ರತಿ ಕೆಲಸಕ್ಕೂ ಒಂದು ಆದ್ಯತೆ ಇರುತ್ತದೆ. ಮೇಲಿನ ಆದ್ಯತೆಯ ಕೆಲಸ ಸಿದ್ಧವಾದರೆ ಕೆಳಗಿನದು ಅರ್ಧದಲ್ಲೇ ನಿಲ್ಲಬೇಕು. ಜೊತೆಗೆ ಇನ್ನೊಂದು ಕಟ್ಟಳೆಯಿದೆ. ಹಲವು ಕೆಲಸಗಳು ಹಂಚಿಕೊಂಡಿರುವ ಮಾಹಿತಿಯನ್ನು ಮುಟ್ಟುವ ಮುನ್ನ ಮ್ಯೂಟೆಕ್ಸ್ ಎಂಬ ಬೀಗ ಹಿಡಿಯಬೇಕು, ಮುಗಿದ ಮೇಲೆ ಬಿಡಬೇಕು. ಹಾಗಿಲ್ಲದಿದ್ದರೆ ಒಂದು ಕೆಲಸ ಬರೆದು ಮುಗಿಸದ ಅಂಕಿಯನ್ನು ಇನ್ನೊಂದು ಓದಿಬಿಡುತ್ತದೆ.

ಎರಡೂ ಕಟ್ಟಳೆಗಳು ಸರಿಯೇ. ಅವು ಸೇರಿದಾಗಲೇ ತೊಡಕು. ಹವಾಮಾನದ ಮಾಹಿತಿ ಕೂಡಿಸುವ ಕೆಳ ಆದ್ಯತೆಯ ಕೆಲಸ ಬೀಗ ಹಿಡಿಯಿತು. ಉಪಕರಣಗಳ ನಡುವೆ ಮಾಹಿತಿ ಸಾಗಿಸುವ ಬಸ್ಸನ್ನು ನೋಡಿಕೊಳ್ಳುವ ಮೇಲ್ದರ್ಜೆಯ ಕೆಲಸ ಅದೇ ಬೀಗಕ್ಕೆ ಕಾದು ನಿಂತಿತು. ಅಷ್ಟರಲ್ಲಿ ನಡು ಆದ್ಯತೆಯ ಕೆಲಸಗಳು ಎದ್ದು ಹವಾಮಾನದ ಕೆಲಸವನ್ನು ಪಕ್ಕಕ್ಕೆ ಸರಿಸಿದವು. ಅವಕ್ಕೂ ಆ ಬೀಗಕ್ಕೂ ಸಂಬಂಧವೇ ಇಲ್ಲ. ಆದರೆ ಪ್ರೊಸೆಸರ್ ಸಿಗದೆ ಹವಾಮಾನದ ಕೆಲಸ ಬೀಗ ಬಿಡಲಾರದು, ಅದು ಬಿಡದೆ ಬಸ್ಸಿನ ಕೆಲಸ ಮುಂದುವರಿಯಲಾರದು. ಸೆಕೆಂಡಿಗೆ 8 ಬಾರಿ ಸುತ್ತುವ ಬಸ್ಸಿನ ಕೆಲಸ ಹೊತ್ತಿಗೆ ಮುಗಿದಿಲ್ಲವೆಂದು ಕಂಡ ತಪಾಸಣೆಯ ತಂತ್ರಾಂಶ ಇಡೀ ಕಂಪ್ಯೂಟರನ್ನೇ ರೀಸೆಟ್ ಮಾಡುತ್ತಿತ್ತು. ಮೇಲಿನ ಕೆಲಸ ಹೀಗೆ ಕೆಳಗಿನವುಗಳಿಗಾಗಿ ಕಾಯುವುದನ್ನು ಆದ್ಯತೆಯ ತಿರುವುಮುರುವು ಎನ್ನಬಹುದು.

ಪರಿಹಾರ ಆಗಲೇ ತಿಳಿದಿತ್ತು. ಲೂಯಿ ಶಾ, ರಗುನಾಥನ್ ರಾಜ್‌ಕುಮಾರ್, ಜಾನ್ ಲೆಹೊಟ್ಸ್ಕಿ 1990ರ ಪ್ರಬಂಧದಲ್ಲಿ ಅದನ್ನು ವಿವರಿಸಿದ್ದರು: ಮೇಲಿನ ಕೆಲಸವೊಂದು ಕಾಯುತ್ತಿದ್ದರೆ, ಬೀಗ ಹಿಡಿದ ಕೆಲಸಕ್ಕೆ ಅದನ್ನು ಬಿಡುವ ತನಕ ಕಾಯುವವನ ಆದ್ಯತೆಯನ್ನೇ ಕೊಡಿ. ನಡುವಿನವರು ಆಗ ಅದನ್ನು ತಡೆಯಲಾರರು. ವಿಎಕ್ಸ್‌ವರ್ಕ್ಸ್‌ನಲ್ಲಿ ಈ ಸೌಲಭ್ಯ ಇತ್ತು. ಆದರೆ ಈ ಬೀಗ ಸಿಸ್ಟಂನ ಒಳಗಿನ ಸವಲತ್ತೊಂದರಲ್ಲಿ ಅಡಗಿತ್ತು, ಅದಕ್ಕೆ ಆ ಸೌಲಭ್ಯ ಚಾಲೂ ಆಗಿರಲಿಲ್ಲ.

ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯ ತಂಡ ಭೂಮಿಯಲ್ಲಿದ್ದ ನೌಕೆಯ ಪ್ರತಿರೂಪದಲ್ಲಿ ಅದೇ ರೀಸೆಟ್ ಮರುಕಳಿಸುವಂತೆ ಮಾಡಿ ಕಾರಣ ಹಿಡಿಯಿತು. ಕೆಲಸಗಳ ಜಾಡನ್ನು ದಾಖಲಿಸುವ ಪರೀಕ್ಷಾ ಸಾಧನವನ್ನು ಉಡಾವಣೆಗೆ ಮುಂಚೆ ತೆಗೆದುಹಾಕದೆ ತಂತ್ರಾಂಶದಲ್ಲೇ ಉಳಿಸಿದ್ದು ನೆರವಾಯಿತು. ಬೀಗ ಹಿಡಿದ ಕೆಲಸಕ್ಕೆ ಆದ್ಯತೆ ಏರಿಸುವ ಸೌಲಭ್ಯವನ್ನು ಚಾಲೂ ಮಾಡುವ ಸಣ್ಣ ತಿದ್ದುಪಡಿ ಮಂಗಳಕ್ಕೆ ಹೋಯಿತು. ಈ ಕಾರಣದ ರೀಸೆಟ್‌ಗಳು ನಿಂತವು.